ಓದಬಲ್ಲ ಕಣ್ಣು, ಬರೆಯಲಾರದ ಕೈ

ಜನಗಣತಿಯವರು ಮನೆ ಬಾಗಿಲಿಗೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಓದು ಬರಹದ ಪ್ರಶ್ನೆಯೂ ಒಂದು. ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲೂ ಬರೆಯಲೂ ಬಲ್ಲವರಾದರೆ ಅವರು ಅಕ್ಷರಸ್ಥರು. ಓದಲು ಬಂದು ಬರೆಯಲು ಬಾರದಿದ್ದರೆ ಅವರ ಹೆಸರು ಅನಕ್ಷರಸ್ಥರ ಪಟ್ಟಿಗೇ ಸೇರುತ್ತದೆ. ಇದು ನಮ್ಮ ದೇಶದ ಗಣತಿಯ ನಿಯಮ.

ಈಗ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲಿರುವ ನಮ್ಮ ಮನೆಗಳನ್ನು ನೆನಪಿಸಿಕೊಳ್ಳಿ. ಫಜ್ರ್ ನಮಾಝ್ ಮುಗಿಸಿ, ತಲೆ ಮೇಲೆ ಸೆರಗು ಸರಿಪಡಿಸಿಕೊಂಡು, ರೆಹಾಲಿನ ಮೇಲೆ ಕುರ್‌ಆನ್ ಇಟ್ಟು ಸರಾಗವಾಗಿ ಪಾರಾಯಣ ಮಾಡುವ ಎಷ್ಟು ಮಂದಿ ತಾಯಂದಿರು, ಅಜ್ಜಿಯಂದಿರು ಇದ್ದಾರೆ! ರಮಝಾನ್ ತಿಂಗಳಲ್ಲಿ ಒಂದಲ್ಲ, ಎರಡು ಖತಮ್ ಮುಗಿಸುವವರಿದ್ದಾರೆ. ಅದೇ ಕೈ ಹತ್ತು ಗಂಟೆಗೆ ಬ್ಯಾಂಕಿನ ಕಿಟಕಿಯ ಮುಂದೆ ನಿಂತಾಗ ಶಾಯಿ ಪ್ಯಾಡಿನ ಮೇಲೆ ಹೆಬ್ಬೆಟ್ಟು ಒತ್ತುತ್ತದೆ. ಗಣತಿಯ ಕಾಗದದಲ್ಲಿ ಆಕೆ ಅನಕ್ಷರಸ್ಥೆ. ಸಾವಿರಾರು ಅಕ್ಷರಗಳನ್ನು ದಿನವೂ ಕಣ್ಣಿನಿಂದ ಗುರುತಿಸಿ ನಾಲಗೆಯಿಂದ ಉಚ್ಚರಿಸುವವಳು ಅನಕ್ಷರಸ್ಥೆ ಹೇಗಾದಳು ಎಂದು ನಿಮಗೆ ಅನಿಸಬಹುದು. ಆದರೆ ಗಣತಿಯವರ ಮಾತಿನಲ್ಲೂ ನ್ಯಾಯವಿದೆ. ಆಕೆ ಓದುವುದರ ಅರ್ಥ ಆಕೆಗೆ ಗೊತ್ತಿಲ್ಲ, ತಾನು ಹೇಳಬೇಕಾದುದನ್ನು ಬರೆಯಲು ಬರುವುದಿಲ್ಲ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ, ಆಕೆಗೆ ಅಷ್ಟರವರೆಗೆ ಮಾತ್ರ ಕಲಿಸಿ ನಾವು ನಿಲ್ಲಿಸಿದೆವು.

ಯುನೆಸ್ಕೋ ಸಂಸ್ಥೆಯು ಸೆಪ್ಟೆಂಬರ್ 8ನ್ನು ವಿಶ್ವ ಸಾಕ್ಷರತಾ ದಿನವೆಂದು 1966ರಲ್ಲಿ ಘೋಷಿಸಿತು. 1967ರಿಂದ ಪ್ರತಿ ವರ್ಷ ಅದು ನಡೆಯುತ್ತಾ ಬಂದಿದೆ. ಜಗತ್ತಿನಲ್ಲಿ ಇಂದಿಗೂ 70 ಕೋಟಿಗಿಂತ ಹೆಚ್ಚು ವಯಸ್ಕರಿಗೆ ಓದು ಬರಹ ಬಾರದು. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಧಾರವಾಡ ಜಿಲ್ಲೆಯಲ್ಲಿ 2011ರ ಗಣತಿಯ ಪ್ರಕಾರ ಗಂಡಸರಲ್ಲಿ ನೂರಕ್ಕೆ ಸುಮಾರು 86 ಮಂದಿ, ಹೆಂಗಸರಲ್ಲಿ ಸುಮಾರು 73 ಮಂದಿ ಅಕ್ಷರಸ್ಥರು. ಇದರಲ್ಲಿ ಹುಬ್ಬಳ್ಳಿ-ಧಾರವಾಡದಂತಹ ದೊಡ್ಡ ನಗರವೂ ಸೇರಿದೆ ಎಂಬುದನ್ನು ಮರೆಯಬಾರದು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ರ ದಿನಾಂಕವನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು.

ಮುಸ್ಲಿಮರ ವಿಷಯಕ್ಕೆ ಬಂದರೆ, 2006ರ ಸಾಚಾರ್ ಸಮಿತಿಯ ವರದಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರಲ್ಲಿ ನಮ್ಮವರು ಹೆಚ್ಚು ಗಮನಿಸದ ಒಂದು ಸಂಗತಿಯೂ ಇದೆ. 2001ರ ಗಣತಿಯಲ್ಲಿ ದೇಶದ ಮುಸ್ಲಿಮರ ಸಾಕ್ಷರತೆ ಸರಾಸರಿಗಿಂತ ಕೆಳಗಿತ್ತು, ನಿಜ. ಆದರೆ ಕರ್ನಾಟಕದಲ್ಲಿ ಮುಸ್ಲಿಮರ ಸಾಕ್ಷರತೆ ಶೇ. 70ರಷ್ಟಿದ್ದು, ರಾಜ್ಯದ ಸರಾಸರಿ ಶೇ. 66.6ಕ್ಕಿಂತ ಮೇಲಿತ್ತು. ಹಾಗಾಗಿ "ನಮ್ಮ ಸಮುದಾಯವೇ ಹೀಗೆ" ಎಂದು ಕೈಚೆಲ್ಲುವುದಕ್ಕೆ ನಮಗೆ ಕಾರಣವಿಲ್ಲ. ಉಳಿದಿರುವವರು ಯಾರು ಎಂದು ನೋಡಬೇಕು ಅಷ್ಟೆ. ಉಳಿದಿರುವವರಲ್ಲಿ ಹೆಚ್ಚಿನವರು ಹಳ್ಳಿಯವರು, ನಲವತ್ತು ದಾಟಿದವರು, ಹೆಂಗಸರು. ಅಂದರೆ ನಮ್ಮ ಅಮ್ಮಿ, ನಮ್ಮ ಅತ್ತೆ, ನಮ್ಮ ಖಾಲಾ.

ನವಲಗುಂದ ಎಂದಾಗ ಜಮಖಾನೆಯ ಮಾತು ಬರಲೇಬೇಕು. ಬಿಜಾಪುರದ ಆದಿಲ್‌ಶಾಹಿ ಕಾಲದ ನೇಕಾರರು ವಲಸೆ ಬಂದು ಇಲ್ಲಿ ನೆಲೆ ನಿಂತರೆಂಬುದು ಅಲ್ಲಿನವರ ಪ್ರತೀತಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಈ ಜಮಖಾನೆಯನ್ನು ನೇಯುವವರು ಮುಸ್ಲಿಮ್ ಹೆಂಗಸರು. ಅಡುಗೆ, ಮಕ್ಕಳು, ನಮಾಝ್ ಎಲ್ಲದರ ನಡುವೆ ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಎಳೆ ಎಣಿಸಿ, ಬಣ್ಣ ಬದಲಿಸಿ, ನವಿಲು, ಪಗಡೆ ಹಾಸಿನ ಚೌಕ, ಜಾನಮಾಝಿನ ಕಮಾನು ಮೂಡಿಸುತ್ತಾರೆ. ನಕ್ಷೆ ಹೆಚ್ಚಾಗಿ ನೆನಪಿನಲ್ಲೇ ಇರುತ್ತದೆ. ಎಡಗಡೆ ಎಷ್ಟು ಎಳೆ ಬಿಟ್ಟರೆ ಬಲಗಡೆ ಅಷ್ಟೇ ಬಿಡಬೇಕು. ಒಂದು ಎಳೆ ತಪ್ಪಿದರೆ ನವಿಲಿನ ಕುತ್ತಿಗೆ ಸೊಟ್ಟ. ಇಷ್ಟು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳುವವಳಿಗೆ ಬುದ್ಧಿ ಸಾಲದು ಎಂದು ಯಾರಾದರೂ ಹೇಳಲು ಸಾಧ್ಯವೇ? ಮಗ್ಗಗಳ ಸಂಖ್ಯೆ ಕಡಿಮೆಯಾಗುತ್ತಾ ಬಂದಿದೆ ಎಂಬುದು ಬೇರೆ ದುಃಖ.

ಈ ಕಸುಬಿನ ಬಗ್ಗೆ ಒಂದು ಮಾತನ್ನು ಹೇಳುತ್ತಾರೆ. ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವವಳು, ಗುಟ್ಟು ಹೊರಗೆ ಹೋದೀತು ಎಂದು ಹಿಂದೆ ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. ಅಕ್ಷರದ ವಿಷಯದಲ್ಲಿ ಇಂದು ಇದರ ತಿರುವು ನಡೆಯುತ್ತಿದೆ. ಮಗಳನ್ನು ಶಾಲೆಗೆ ಕಳಿಸುತ್ತೇವೆ, ಕಾಲೇಜಿಗೂ ಕಳಿಸುತ್ತೇವೆ. ಆದರೆ ಮಗಳು ಕಲಿತದ್ದು ಮಗಳ ಪುಸ್ತಕದ ಚೀಲದಲ್ಲೇ ಉಳಿಯುತ್ತದೆ. ಅದೇ ಮನೆಯಲ್ಲಿ ಅದೇ ಒಲೆಯ ಮುಂದೆ ಕುಳಿತ ತಾಯಿಯವರೆಗೆ ತಲುಪುವುದಿಲ್ಲ. ಬಿ.ಎ. ಓದಿದ ಮಗಳಿರುವ ಮನೆಯಲ್ಲಿ ತಾಯಿ ಹೆಬ್ಬೆಟ್ಟು ಒತ್ತುವುದು ನಮಗೆ ವಿಚಿತ್ರವಾಗಿ ಕಾಣುವುದಿಲ್ಲವಲ್ಲ, ಅದೇ ವಿಚಿತ್ರ.

"ಇನ್ನೇನು ಈ ವಯಸ್ಸಿನಲ್ಲಿ ಓದಿ ನೌಕರಿ ಮಾಡಬೇಕೇ?" ಎಂದು ಕೇಳುವವರಿದ್ದಾರೆ. ನೌಕರಿಯ ಮಾತು ಬಿಡಿ, ಸಾಲದ ಮಾತು ನೋಡೋಣ. ನಮ್ಮ ಹಳ್ಳಿಗಳಲ್ಲಿ ಸಂಘದ ಸಾಲ, ಫೈನಾನ್ಸ್ ಸಾಲ ಎಂದು ವಾರದ ಕಂತು ಕಟ್ಟುವ ಹೆಂಗಸರು ಎಷ್ಟಿದ್ದಾರೆಂದು ನೀವೇ ಬಲ್ಲಿರಿ. ಬಡ್ಡಿ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ, ಅದರ ಬಗ್ಗೆ ಈ ಪುಟಗಳಲ್ಲಿ ಬೇಕಾದಷ್ಟು ಬರೆದಾಗಿದೆ. ಆದರೆ ಸಾಲದ ಬಲೆಯಲ್ಲಿ ಈಗಾಗಲೇ ಸಿಲುಕಿರುವ ತಂಗಿಗೆ ತಾನು ಎಷ್ಟು ತೆಗೆದುಕೊಂಡೆ, ಎಷ್ಟು ಕಟ್ಟಿದೆ, ಇನ್ನೆಷ್ಟು ಬಾಕಿ ಎಂಬುದಾದರೂ ತಿಳಿಯಬೇಡವೇ? ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಕಿರುಸಾಲ ಕೊಡುವವರು ಸಾಲಗಾರಳಿಗೆ ಸಾಲದ ಕಾರ್ಡ್ ಕೊಡಬೇಕು, ಅದು ಆಕೆಗೆ ತಿಳಿಯುವ ಭಾಷೆಯಲ್ಲಿರಬೇಕು, ಅದರಲ್ಲಿ ಬಡ್ಡಿ, ಶುಲ್ಕ, ಕಟ್ಟಿದ ಕಂತು ಎಲ್ಲವೂ ನಮೂದಾಗಬೇಕು. ಇಂತಹ ಸಾಲಕ್ಕೆ ಅಡವು ಇಡಿಸಿಕೊಳ್ಳುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಸಾಲದ ಜೊತೆ ವಿಮೆಯನ್ನು ಆಕೆಯ ಒಪ್ಪಿಗೆಯಿಲ್ಲದೆ ಅಂಟಿಸುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ನಮ್ಮ ರಾಜ್ಯ ಸರ್ಕಾರವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು.

ಎಷ್ಟು ಒಳ್ಳೆಯ ನಿಯಮಗಳು! ಆದರೆ ತಿಳಿಯುವ ಭಾಷೆಯಲ್ಲಿ ಕಾರ್ಡ್ ಇರಬೇಕೆಂದರೆ, ಯಾವ ಭಾಷೆಯ ಅಕ್ಷರವನ್ನೂ ತಿಳಿಯದವಳಿಗೆ ಏನು ಮಾಡಬೇಕು? ಕಾರ್ಡ್ ಕನ್ನಡದಲ್ಲೇ ಇರುತ್ತದೆ, ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಇರುತ್ತದೆ. ಕಂತು ವಸೂಲಿಯವನು ಹೇಳಿದ್ದೇ ಲೆಕ್ಕ.

ಪವಿತ್ರ ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದವಾದ ಸೂಕ್ತ ಯಾವುದರ ಬಗ್ಗೆ ಇದೆ ಎಂದು ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. ನಮಾಝ್ ಎನ್ನುತ್ತಾರೆ, ಉಪವಾಸ ಎನ್ನುತ್ತಾರೆ. ಅದು ಅಲ್‌ಬಕರ ಅಧ್ಯಾಯದ 282ನೇ ಸೂಕ್ತ. ಅದರ ವಿಷಯ, ಸಾಲದ ವ್ಯವಹಾರವನ್ನು ಬರೆದಿಡುವುದು! ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಹಣ ಕೊಡಬೇಕಾದವನು ತಾನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು ಎಂದು ಅಲ್ಲಾಹನು ಅಲ್ಲಿ ವಿವರವಾಗಿ ಆದೇಶಿಸಿದ್ದಾನೆ. ಇದನ್ನು ಎಷ್ಟೋ ಸಲ ಇಂಪಾಗಿ ಓದಿದ ತಾಯಿಯೇ ಏನೆಂದು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾಳೆ. ಅರ್ಥ ತಿಳಿಯದ ಓದಿನ ನಷ್ಟ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ನಿಕಾಹ್‌ನಾಮೆಯ ವಿಷಯ ಇನ್ನೂ ಸೂಕ್ಷ್ಮ. ಮಹರ್ ತಕ್ಷಣ ಕೊಡುವುದಾದರೆ ಅದಕ್ಕೆ ಮುಅಜ್ಜಲ್ ಎನ್ನುತ್ತಾರೆ. ಮುಂದಕ್ಕೆ ಹಾಕುವುದಾದರೆ ಅದಕ್ಕೂ ಹೆಚ್ಚುಕಡಿಮೆ ಅದೇ ಹೆಸರು. ನಮ್ಮ ಉಚ್ಚಾರದಲ್ಲಿ ಎರಡೂ ಕಿವಿಗೆ ಒಂದೇ. ಬರಹದಲ್ಲಿ ಮಾತ್ರ ಒಂದರಲ್ಲಿ ಐನ್ ಇದೆ, ಇನ್ನೊಂದರಲ್ಲಿ ಹಮ್ಝಾ. ಒಂದೇ ಅಕ್ಷರದ ವ್ಯತ್ಯಾಸದಲ್ಲಿ ಒಬ್ಬ ಹೆಣ್ಣಿನ ಹಕ್ಕಿನ ಹಣ ಇಂದೇ ಕೈಗೆ ಬರುವುದೋ, ಎಂದೋ ಒಂದು ದಿನ ಬರುವುದೋ ನಿಂತಿದೆ. ಮದುವೆಯ ಗದ್ದಲದಲ್ಲಿ, ಮುಸುಕಿನೊಳಗೆ ಅಳುತ್ತಾ ಕುಳಿತ ಹುಡುಗಿಯ ಮುಂದೆ ರಿಜಿಸ್ಟರ್ ಚಾಚಿ "ಇಲ್ಲಿ ಸಹಿ ಮಾಡಮ್ಮ" ಎನ್ನುತ್ತಾರೆ. ಅದನ್ನು ಓದಿ ನೋಡುವ ಧೈರ್ಯ ಹುಡುಗಿಗೆ ಆ ಹೊತ್ತಿನಲ್ಲಿ ಇರಲಾರದು. ಪಕ್ಕದಲ್ಲಿ ಕುಳಿತ ತಾಯಿಗೆ ಓದಲು ಬರುತ್ತಿದ್ದರೆ?

ಇನ್ನು ಯಾವ ಭಾಷೆ ಎಂಬ ಪ್ರಶ್ನೆ. ನಮ್ಮ ಕಡೆ ಇದು ಸುಲಭದ ಪ್ರಶ್ನೆಯಲ್ಲ. ಮನೆಯಲ್ಲಿ ದಖನಿ ಉರ್ದು, ಹೊಲದಲ್ಲಿ ಮತ್ತು ಸಂತೆಯಲ್ಲಿ ಕನ್ನಡ, ಜಾನಮಾಝಿನ ಮೇಲೆ ಅರಬಿ. ಮೂರು ಭಾಷೆ ನಾಲಗೆಯ ಮೇಲಿದ್ದೂ ಕೈಯಲ್ಲಿ ಒಂದೂ ಇಲ್ಲ. ಉರ್ದು ನಮ್ಮ ದೀನಿ ಸಾಹಿತ್ಯದ ಭಂಡಾರ, ಅದನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಬಸ್ಸಿನ ಬೋರ್ಡ್, ರೇಶನ್ ಕಾರ್ಡ್, ಹೊಲದ ಉತಾರ, ತಾಯಿ ಕಾರ್ಡ್, ಪಂಚಾಯಿತಿಯ ನೋಟೀಸ್ ಎಲ್ಲವೂ ಕನ್ನಡದಲ್ಲಿವೆ. ಕನ್ನಡದ ಅಕ್ಷರ ಕಲಿತರೆ ನಮ್ಮತನಕ್ಕೆ ಕುಂದು ಎಂದು ಭಾವಿಸುವ ಹಿರಿಯರು ಕೆಲವು ಕಡೆ ಇಂದಿಗೂ ಇದ್ದಾರೆ. ಅವರಿಗೆ ಬಂಗಾಳದ ಬೇಗಂ ರುಕಿಯಾರ ಕಥೆ ಹೇಳಬೇಕು. 1880ರಲ್ಲಿ ಹುಟ್ಟಿದ ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಅರಬಿ, ಉರ್ದು ಸಾಕು, ಬಂಗಾಳಿ ಬೇಡವೆಂಬ ನಿಯಮವಿತ್ತು. ಅಣ್ಣನು ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ತಂಗಿಗೆ ಬಂಗಾಳಿ, ಇಂಗ್ಲಿಷ್ ಕಲಿಸಿದ. ಆ ತಂಗಿ 1911ರಲ್ಲಿ ಕೊಲ್ಕತ್ತಾದಲ್ಲಿ ಮುಸ್ಲಿಮ್ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಿಶುನಾಳದ ಶರೀಫರು ಮುಲ್ಕಿ ಪರೀಕ್ಷೆ ಪಾಸಾಗಿ ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಅವರ ಗುರು ಗೋವಿಂದಭಟ್ಟರ ಊರು ಕಳಸ ನಮ್ಮ ಕುಂದಗೋಳ ತಾಲೂಕಿನಲ್ಲೇ ಇದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಕೆಲವೇ ದಿನಗಳಲ್ಲಿ ಅವರು ಬರೆಯತೊಡಗಿದರು. ಅವರ ಎಲ್ಲ ವಿಚಾರಗಳನ್ನು ಎಲ್ಲರೂ ಒಪ್ಪಬೇಕಿಲ್ಲ. ಉರ್ದು ಮಾತಾಡುವ ಮನೆಯ ಹುಡುಗಿಗೆ ಕನ್ನಡದ ಅಕ್ಷರ ಎಷ್ಟು ಬೇಗ ಒಲಿಯಿತು ಎಂಬುದನ್ನು ನೋಡಿದರೆ ಸಾಕು.

ಹೆಣ್ಣು ಬರೆಯಲು ಕಲಿಯುವುದು ಹೊಸ ಕಾಲದ ಫ್ಯಾಷನ್ ಎಂದು ತಿಳಿದವರು ಮದೀನಾದ ಇತಿಹಾಸ ಓದಲಿ. ಶಿಫಾ ಬಿಂತಿ ಅಬ್ದುಲ್ಲಾ(ರ) ಎಂಬ ಕುರೈಶ್ ಮಹಿಳೆಗೆ ಬರೆಯಲು ಬರುತ್ತಿತ್ತು. ಪ್ರವಾದಿವರ್ಯರ(ಸ) ಪತ್ನಿ ಹ. ಹಫ್ಸಾ(ರ) ಅವರಿಗೆ ಬರಹ ಕಲಿಸಿದವರು ಅವರೇ. ಒಬ್ಬ ಹೆಣ್ಣಿನಿಂದ ಇನ್ನೊಬ್ಬ ಹೆಣ್ಣಿಗೆ! ಹ. ಅಬೂಬಕರ್(ರ) ಅವರ ಕಾಲದಲ್ಲಿ ಸಂಗ್ರಹಿಸಿದ ಕುರ್‌ಆನಿನ ಪ್ರತಿ ಹ. ಉಮರ್(ರ) ಅವರ ನಂತರ ಇದೇ ಹಫ್ಸಾ(ರ) ಅವರ ಬಳಿ ಸುರಕ್ಷಿತವಾಗಿತ್ತು. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರ ಪೈಕಿ ಬರಹ ಬಲ್ಲವರು ಮುಸ್ಲಿಮರ ಮಕ್ಕಳಿಗೆ ಅದನ್ನು ಕಲಿಸಿ ಬಿಡುಗಡೆ ಹೊಂದಿದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಇಂತಹ ಪರಂಪರೆಯಿದ್ದೂ, ಅಫಘಾನಿಸ್ತಾನದಲ್ಲಿ 2021ರಿಂದ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ಬಾಗಿಲು, 2022ರ ಡಿಸೆಂಬರಿನಿಂದ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದೆ. ಧರ್ಮದ ಹೆಸರಿನಲ್ಲಿ ನಡೆದ ಈ ಕೆಲಸವನ್ನು ಮುಸ್ಲಿಮ್ ರಾಷ್ಟ್ರಗಳ ಸಂಘಟನೆಯೇ ಖಂಡಿಸಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾದ ಇಂಡೋನೇಶ್ಯದಲ್ಲಿ ವಯಸ್ಕರ ಸಾಕ್ಷರತೆ ಶೇ. 95 ದಾಟಿದೆ ಎಂಬುದನ್ನು ಮಾತ್ರ ಯಾರೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದಿಲ್ಲ.

ಹಾಗಾದರೆ ಅಮ್ಮಿಗೆ ಕಲಿಸುವುದು ಹೇಗೆ? ಕುರ್‌ಆನ್ ಓದಬಲ್ಲ ತಾಯಿ ಅರ್ಧ ದಾರಿ ಈಗಾಗಲೇ ನಡೆದಿದ್ದಾಳೆ. ಇದನ್ನು ನಮ್ಮ ಅಕ್ಕೋರುಗಳೂ ಹೆಚ್ಚಾಗಿ ಗಮನಿಸುವುದಿಲ್ಲ. ಖಾಯಿದಾದಲ್ಲಿ ಆಕೆ ಏನು ಕಲಿತಿದ್ದಾಳೆ? ಬೇ ಜಬರ್ ಬ, ಬೇ ಜೇರ್ ಬಿ, ಬೇ ಪೇಶ್ ಬು. ಕನ್ನಡದ ಕಾಗುಣಿತ ಬೇರೇನು? ಜಬರ್ ಎಂದರೆ ತಲಕಟ್ಟು, ಜೇರ್ ಎಂದರೆ ಗುಡಿಸು, ಪೇಶ್ ಎಂದರೆ ಕೊಂಬು. ಅಲಿಫ್ ಸೇರಿ ಬಾ ಆದಂತೆ ಇಲ್ಲಿ ಇಳಿ ಬಂದು ದೀರ್ಘವಾಗುತ್ತದೆ. ತಶ್ದೀದ್ ಬಂದಲ್ಲಿ ಅಕ್ಷರ ಇಮ್ಮಡಿಯಾಗುತ್ತದಲ್ಲ, ಅಮ್ಮ ಎಂಬಲ್ಲಿ ಮಕಾರಕ್ಕೆ ಒತ್ತು ಬರುವುದೂ ಅದೇ. ಅರಬಿ ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ, ಮೊದಲ ವಾರ ಕಣ್ಣು ತಪ್ಪುವುದು ಸಹಜ. ಅಕ್ಷರಕ್ಕೊಂದು ಧ್ವನಿ, ಧ್ವನಿಗೊಂದು ಗುರುತು ಎಂಬ ಕಷ್ಟದ ಸಂಗತಿ ಆಕೆಗೆ ಬಾಲ್ಯದಲ್ಲೇ ಗೊತ್ತಾಗಿದೆ. ಇದನ್ನು ಆಕೆಗೆ ಹೇಳಿ ನೋಡಿ, "ನನಗೆ ಏನೂ ಬರುವುದಿಲ್ಲ" ಎಂಬ ಅಳುಕು ಅರ್ಧ ಕಡಿಮೆಯಾಗುತ್ತದೆ.

ಅ, ಆ, ಇ, ಈ ಎಂದು ಐವತ್ತು ಅಕ್ಷರ ಬಾಯಿಪಾಠ ಮಾಡಿಸಲು ಹೋಗಬೇಡಿ. ಬ್ರೆಜಿಲ್ ದೇಶದಲ್ಲಿ ಪಾವ್ಲೋ ಫ್ರೇರೆ ಎಂಬ ಶಿಕ್ಷಣ ತಜ್ಞರು 1963ರಲ್ಲಿ ಆಂಜಿಕೋಸ್ ಎಂಬ ಊರಿನ ಸುಮಾರು 300 ಮಂದಿ ಕೂಲಿಗಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ಹೊರಟರು. ಅವರು ಆರಿಸಿಕೊಂಡದ್ದು ಆ ಕೂಲಿಗಾರರ ದಿನನಿತ್ಯದ ಮಾತುಗಳನ್ನು. ನಮ್ಮ ಕಡೆಯಾದರೆ ನಮಕ, ಬದನಿ, ಹತ್ತಿ, ಕಡಲಿ, ಮಗಳು, ಮಗ್ಗ, ಸಾಲ, ಹಣ. ಆಮೇಲೆ ಬಸ್ಸಿನ ಬೋರ್ಡಿನ ಊರುಗಳು. ಕಲಘಟಗಿ ಎಂದು ಬರೆದರೆ ಒತ್ತಕ್ಷರವೇ ಇಲ್ಲ, ಒಳ್ಳೆಯ ಪಾಠ. ಹುಬ್ಬಳ್ಳಿ, ಅಣ್ಣಿಗೇರಿ ಸ್ವಲ್ಪ ತಡವಾಗಿ ಬರಲಿ.

ಇನ್ನೊಂದು ಸಣ್ಣ ಸಂಗತಿಯನ್ನು ಒತ್ತಿ ಹೇಳಬೇಕು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಚಾಳೀಸು ಎಂಬ ಹೆಸರು ಬಂದದ್ದೇ ಅದಕ್ಕೆ. ಎಷ್ಟೋ ತಾಯಂದಿರು ತಲೆಗೆ ಹತ್ತುವುದಿಲ್ಲ ಎಂದು ಪಾಟಿ ಬದಿಗಿಡುವುದು ಕಣ್ಣಿಗೆ ಕಾಣದೆ. ಕುರ್‌ಆನಿನ ಅಕ್ಷರ ದಪ್ಪ, ಪಾಠ ನೆನಪಿನಲ್ಲೂ ಇರುತ್ತದೆ, ಹಾಗಾಗಿ ಅಲ್ಲಿ ತೊಂದರೆ ಗೊತ್ತಾಗುವುದಿಲ್ಲ. ಮೊದಲು ಚಸ್ಮಾ ಕೊಡಿಸಿ, ಆಮೇಲೆ ಪೆನ್ಸಿಲ್.

ಕೇರಳದ ಮಲಪ್ಪುರಂ ಜಿಲ್ಲೆಯ ಚೇಲಕ್ಕೋಡನ್ ಆಯಿಷಾ ಅವರ ಹೆಸರನ್ನು ಕೇಳಿದ್ದೀರಾ? 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರಾ ಮೈದಾನದಲ್ಲಿ ಕೇರಳವನ್ನು ಸಂಪೂರ್ಣ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ವೇದಿಕೆಯ ಮೇಲೆ ನಿಂತು ಅದನ್ನು ಘೋಷಿಸಿದವರು, ಇಳಿವಯಸ್ಸಿನಲ್ಲಿ ಅಕ್ಷರ ಕಲಿತ ಈ ಮುಸ್ಲಿಮ್ ಹೆಂಗಸು. 2013ರಲ್ಲಿ ಅವರು ತೀರಿಕೊಂಡರು. ಅಂದು ಅವರಿಗೆ ಕಲಿಸಲು ಸ್ವಯಂಸೇವಕರ ದಂಡೇ ಹಳ್ಳಿಗೆ ಬಂದಿತ್ತು. ನಮ್ಮಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಉಲ್ಲಾಸ್ ಎಂಬ ಹೆಸರಿನ ನವಭಾರತ ಸಾಕ್ಷರತಾ ಕಾರ್ಯಕ್ರಮವೂ ಸ್ವಯಂಸೇವಕರ ಮೇಲೆಯೇ ನಿಂತಿದೆ. 15 ವರ್ಷ ಮೀರಿದ ಯಾರು ಬೇಕಾದರೂ ಕಲಿಯಬಹುದು, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬಹುದು. ಕಲಿಸುವವರಿಗೆ ಸಂಬಳವಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ನಮ್ಮ ಹುಡುಗಿಯರು ಅಲ್ಲಿಂದ ದಪ್ಪ ಅಕ್ಷರದ ಮಕ್ಕಳ ಕಥೆ ಪುಸ್ತಕಗಳನ್ನು ಅಮ್ಮಿಗಾಗಿ ತರಬಹುದು.

ಆದರೆ ತರಗತಿಗೆ ಹೋಗಿ ಕೂರಲು ನಮ್ಮ ತಾಯಂದಿರು ನಾಚುತ್ತಾರೆ, ಮೊಮ್ಮಗಳ ವಯಸ್ಸಿನವಳ ಮುಂದೆ ತಪ್ಪು ಬರೆಯಲು ಸಂಕೋಚ. ಆದ್ದರಿಂದ ಮಾರ್ಚ್ ಪರೀಕ್ಷೆ ಮುಗಿಸಿ ಮನೆಯಲ್ಲಿರುವ ನಿಮ್ಮ ಏಳನೆಯ, ಎಂಟನೆಯ ತರಗತಿಯ ಮಗಳೇ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಎರೆ ಹೊಲ ಬಿರಿದು ಬಿದ್ದಿರುತ್ತದೆ, ಕಳೆಯ ಕೆಲಸವಿರುವುದಿಲ್ಲ. ಝುಹ್ರ್ ನಮಾಝಿನ ನಂತರ ಬಿಸಿಲಿಗೆ ಯಾರೂ ಹೊರಗೆ ಹೋಗುವುದಿಲ್ಲ. ಆ ಅರ್ಧ ಗಂಟೆ ಟಿವಿ, ಮೊಬೈಲ್ ಎರಡನ್ನೂ ಮುಚ್ಚಿಡಿ. ತಪ್ಪಿದಾಗ ನಗಬಾರದೆಂದು ಮಗಳಿಗೆ ಮೊದಲೇ ಹೇಳಿಡಿ. ಎರಡು ಗೆರೆಯ ಕಾಪಿ ಪುಸ್ತಕ, ಒಂದು ಪೆನ್ಸಿಲ್, ಒಂದು ರಬ್ಬರ್ ಇಷ್ಟೇ ಖರ್ಚು. ಅಮ್ಮಿಗೆ ಮೊದಲು ಆಕೆಯ ಹೆಸರನ್ನೇ ಕಲಿಸಲು ಹೊರಟರೆ, "ನನ್ನದು ಆಮೇಲಾಗಲಿ, ಮೊದಲು ನಿಮ್ಮೆಲ್ಲರ ಹೆಸರು ಬರೆಯಲು ತೋರಿಸು" ಎನ್ನುತ್ತಾಳೆ. ಹಾಗೆಯೇ ತೋರಿಸಿ.